ಕನ್ನಡ ಕಲಿಯುವ ಮಕ್ಕಳಿಗೆ ಪಾತ್ರಾಭಿನಯ: ತರಗತಿಯಲ್ಲಿ ಮಾತು ಹುಟ್ಟಿಸುವ ಬಗೆ

ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು ಎನ್ನುತ್ತದೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ. ಹಾಗಾಗಿ ಮನೆಯಲ್ಲಿ ಹಿಂದಿ, ತಮಿಳು, ತೆಲುಗು, ಮಲಯಾಳ ಆಡುವ ಮಕ್ಕಳೂ ಒತ್ತಕ್ಷರ ಬರೆಯುತ್ತಾರೆ, ಪದ್ಯ ಒಪ್ಪಿಸುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ಅದೇ ಮಗುವಿನ ಕೈಗೆ ದುಡ್ಡು ಕೊಟ್ಟು ಬೀದಿ ಕೊನೆಯ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತಾ ಎಂದರೆ, ಬೆರಳು ತೋರಿಸಿ ತರುತ್ತದೆ. ಹೊರದೇಶದ ವಾರಾಂತ್ಯದ ಕನ್ನಡ ತರಗತಿಗಳಲ್ಲೂ ಪಾಡು ಹೆಚ್ಚುಕಡಿಮೆ ಇದೇ: ಅಕ್ಷರಮಾಲೆ ಬರುತ್ತದೆ, ಅಜ್ಜಿಯ ಫೋನ್ ಬಂದರೆ ಬಾಯಿ ಕಟ್ಟುತ್ತದೆ.

ಈ ಅಂತರ ತುಂಬಲು ಪಾತ್ರಾಭಿನಯ ಒಳ್ಳೆಯ ಸಾಧನ. ಆದರೆ ಅದನ್ನು ಮಾಡುವ ರೀತಿಯಲ್ಲಿ ಮಾಡಬೇಕು. ಇಲ್ಲಿ ಹೇಳಿರುವುದು 7ರಿಂದ 11 ವರ್ಷದ, ಕನ್ನಡದಲ್ಲಿ ನೂರಿನ್ನೂರು ಪದ ಬಲ್ಲ, ಆದರೆ ಮಾತಾಡದ ಮಕ್ಕಳಿಗೆ. ಹನ್ನೆರಡು ಮಕ್ಕಳು, ನಲವತ್ತು ನಿಮಿಷ ಎಂದು ಲೆಕ್ಕ ಹಾಕಿದೆ.

ನಾಟಕ ಬೇರೆ, ಇದು ಬೇರೆ

ಸಾಮಾನ್ಯವಾಗಿ ನಡೆಯುವುದು ಏನೆಂದರೆ, ಶಿಕ್ಷಕರು ಹತ್ತು ಸಾಲಿನ ಸಂಭಾಷಣೆ ಬರೆದು ಕೊಡುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ, ರಾಜ್ಯೋತ್ಸವದ ವೇದಿಕೆಯಲ್ಲಿ ಒಪ್ಪಿಸುತ್ತಾರೆ. ಅದು ನಾಟಕ. ಉಚ್ಚಾರಣೆಗೂ ಸಭಾಕಂಪನ ಬಿಡಿಸಲಿಕ್ಕೂ ಚೆನ್ನ. ಮಾತು ಕಲಿಯಲು ಅದರಿಂದ ಆಗುವ ಉಪಕಾರ ಕಡಿಮೆ, ಯಾಕೆಂದರೆ ಎದುರಿನವರು ಏನು ಹೇಳುತ್ತಾರೆಂದು ಮಗುವಿಗೆ ಮೊದಲೇ ಗೊತ್ತು. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ತನ್ನ ಸರದಿ ಬಂದಾಗ ಸಾಲು ಹೇಳಿದರೆ ಕೆಲಸ ಮುಗಿಯಿತು.

ಪಾತ್ರಾಭಿನಯದಲ್ಲಿ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಅದನ್ನು ಪಡೆಯಲು ಮಾತಾಡದೆ ಬೇರೆ ದಾರಿ ಇರಬಾರದು. ಈ ವಿಚಾರಕ್ಕೆ ಬೆಂಗಳೂರಿನ ನಂಟೂ ಇದೆ. 1979ರಿಂದ 1984ರವರೆಗೆ ಭಾಷಾ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ಪ್ರಯೋಗವೊಂದು ನಡೆಯಿತು. ಭಾಷಾ ಬೋಧನೆಯ ವಲಯದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರುವಾಸಿ. ವ್ಯಾಕರಣ ಹೇಳಿಕೊಡುವುದನ್ನು ಬದಿಗಿಟ್ಟು, ಮಕ್ಕಳಿಗೆ ಬಿಡಿಸಲು ಸಮಸ್ಯೆ ಕೊಟ್ಟ ಪ್ರಯೋಗ ಅದು. ಆ ಚಟುವಟಿಕೆಗಳನ್ನು ಪ್ರಭು ಮೂರು ಬಗೆಯಾಗಿ ವಿಂಗಡಿಸಿದರು: ಮಾಹಿತಿಯ ಅಂತರ (ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರು ಕೇಳಿ ತಿಳಿಯುವುದು), ತರ್ಕದ ಅಂತರ (ಗೊತ್ತಿರುವುದರಿಂದ ಯೋಚಿಸಿ ಹೊಸದನ್ನು ಕಂಡುಕೊಳ್ಳುವುದು), ಅಭಿಪ್ರಾಯದ ಅಂತರ (ತನ್ನ ಅನಿಸಿಕೆ ಹೇಳುವುದು). ಚಿಕ್ಕ ಮಕ್ಕಳ ಪಾತ್ರಾಭಿನಯಕ್ಕೆ ಮೊದಲೆರಡು ಬೇಕು. ‘ನಿನಗೆ ಮಳೆ ಇಷ್ಟವೋ ಬಿಸಿಲೋ, ಯಾಕೆ’ ಎಂಬಂಥ ಅಭಿಪ್ರಾಯದ ಪ್ರಶ್ನೆಯನ್ನು ಹೊಸ ಭಾಷೆಯಲ್ಲಿ ಕೇಳಿದರೆ ಬರುವ ಉತ್ತರ ಒಂದೇ ಪದ.

ತರಕಾರಿ ಅಂಗಡಿ: ಒಂದು ಪಾಠ ಪೂರ್ತಿಯಾಗಿ

ಮೊದಲ ಪಾಠಕ್ಕೆ ತರಕಾರಿ ಅಂಗಡಿಗಿಂತ ಒಳ್ಳೆಯ ಸನ್ನಿವೇಶ ಇಲ್ಲ. ಹಾಗಂತ ಸುಮ್ಮನೆ ‘ನೀನು ಅಂಗಡಿಯವನು, ನೀನು ಗಿರಾಕಿ, ಮಾತಾಡಿ’ ಎಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ: ‘ಟೊಮ್ಯಾಟೊ ಕೊಡಿ’, ‘ತಗೊಳ್ಳಿ’, ‘ಥ್ಯಾಂಕ್ಯೂ’. ಆಮೇಲೆ ಗಲಾಟೆ. ಮಾತನ್ನು ಬೆಳೆಸುವುದು ಕಾರ್ಡು. ಅಂಗೈ ಅಗಲದ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದು ಇನ್ನೂ ನಿಧಾನವಿರುವ ಮಕ್ಕಳಿಗೆ ಚಿತ್ರ ಬಿಡಿಸಿ, ಅಂಕಿ ಮಾತ್ರ ಹಾಕಿ.

ಅಂಗಡಿಯವರ ಕಾರ್ಡು: ಟೊಮ್ಯಾಟೊ ಕೆಜಿಗೆ 40 ರೂ. ಬೀನ್ಸ್ ಕೆಜಿಗೆ 80 ರೂ. ಕೊತ್ತಂಬರಿ ಕಟ್ಟಿಗೆ 15 ರೂ. ಆಲೂಗಡ್ಡೆ ಖಾಲಿ. ಗುಟ್ಟು: ಗಿರಾಕಿ ಕೇಳಿದರೆ ಮಾತ್ರ ಒಟ್ಟಿನಲ್ಲಿ 5 ರೂ. ಬಿಡಬಹುದು.

ಗಿರಾಕಿಯ ಕಾರ್ಡು: ಕೈಯಲ್ಲಿ 100 ರೂ. ಇದೆ. ಬೇಕಾಗಿರುವುದು 1 ಕೆಜಿ ಟೊಮ್ಯಾಟೊ, ಅರ್ಧ ಕೆಜಿ ಆಲೂಗಡ್ಡೆ, 1 ಕಟ್ಟು ಕೊತ್ತಂಬರಿ. ಏನಾದರೂ ಇಲ್ಲದಿದ್ದರೆ ಬೇರೆ ತರಕಾರಿ ತರಬೇಕು. ಅಮ್ಮನಿಗೆ ಕನಿಷ್ಠ 10 ರೂ. ವಾಪಸ್ ಕೊಡಬೇಕು.

ಈ ಅಂಕಿಗಳನ್ನು ಬೇಕೆಂದೇ ಹೀಗೆ ಹೆಣೆದಿದೆ. ಆಲೂಗಡ್ಡೆ ಇಲ್ಲದ ಕಾರಣ ಗಿರಾಕಿ ಬೀನ್ಸ್ ಕಡೆ ತಿರುಗುತ್ತಾನೆ. ಅರ್ಧ ಕೆಜಿ ಬೀನ್ಸ್ ತಗೊಂಡರೆ ಒಟ್ಟು 95 ರೂ. ಆಗುತ್ತದೆ, ಉಳಿಯುವುದು ಐದೇ. ಈಗ ಚೌಕಾಸಿ ಮಾಡಬೇಕು, ಇಲ್ಲವೇ ಕಾಲು ಕೆಜಿಗೆ ಇಳಿಯಬೇಕು. ಎರಡಕ್ಕೂ ಮಾತು ಬೇಕು. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಎಂಬ ಅಳತೆಗಳು ಅಂಕಿ ಪಾಠದಲ್ಲಿ ಬರುವುದೇ ಇಲ್ಲ. ಅಂಗಡಿಯಲ್ಲಿ ಅವಿಲ್ಲದೆ ನಡೆಯುವುದಿಲ್ಲ. ಮಕ್ಕಳ ಲೆಕ್ಕ ನಿಧಾನವಿದ್ದರೆ ಬೆಲೆಗಳನ್ನು ಹತ್ತರ ಗುಣಕಗಳಾಗಿಸಿ. ಲೆಕ್ಕದಲ್ಲಿ ತಡವರಿಸುವ ಮಗು ತನ್ನ ಮನೆಭಾಷೆಯಲ್ಲಿ ಕೂಡಿಸಲು ಶುರುಮಾಡುತ್ತದೆ, ಕನ್ನಡ ಅಲ್ಲೇ ನಿಲ್ಲುತ್ತದೆ.

ಸಾಮಗ್ರಿ ಹೆಚ್ಚು ಬೇಡ. ಜೋಡಿಗೊಂದು ಬಟ್ಟೆ ಚೀಲ, ಕಾಗದದ ನೋಟು, ನಾಲ್ಕಾರು ನಿಜವಾದ ತರಕಾರಿ ಸಾಕು. ಪ್ಲಾಸ್ಟಿಕ್ ಆಟಿಕೆ ತಕ್ಕಡಿ ತಂದರೆ ಮಕ್ಕಳೆಲ್ಲ ತಕ್ಕಡಿಯ ಜೊತೆ ಆಡುತ್ತಾರೆ, ಮಾತು ಹಿಂದೆ ಬೀಳುತ್ತದೆ.

ನಲವತ್ತು ನಿಮಿಷದ ಹಂಚಿಕೆ

ಮೊದಲ 8 ನಿಮಿಷ ವಾಕ್ಯಗಳಿಗೆ. ಪದಪಟ್ಟಿ ಕೊಡಬೇಡಿ, ಹಾಗೇ ಎತ್ತಿ ಬಳಸುವಂಥ ಇಡೀ ವಾಕ್ಯ ಕೊಡಿ. ಎಂಟಕ್ಕಿಂತ ಹೆಚ್ಚಾದರೆ ಒಂದೂ ನಾಲಿಗೆಗೆ ಬರುವುದಿಲ್ಲ. ಈ ಪಾಠಕ್ಕೆ ಗಿರಾಕಿಯ ಕಡೆಯಿಂದ: ‘ಟೊಮ್ಯಾಟೊ ಹೇಗೆ ಕೊಡ್ತೀರಾ?’, ‘ಆಲೂಗಡ್ಡೆ ಇದ್ಯಾ?’, ‘ನನಗೆ ಕಾಲು ಕೆಜಿ ಸಾಕು’, ‘ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’, ‘ಒಟ್ಟು ಎಷ್ಟಾಯ್ತು?’ ಅಂಗಡಿಯವರ ಕಡೆಯಿಂದ: ‘ಖಾಲಿ ಆಯ್ತು’, ‘ಬೀನ್ಸ್ ತಗೊಳ್ಳಿ, ಚೆನ್ನಾಗಿದೆ’, ‘ಇನ್ನೇನು ಬೇಕು?’

ಈ ವಾಕ್ಯಗಳು ಆಡುಮಾತಿನಲ್ಲಿವೆ, ಗಮನಿಸಿ. ಪಠ್ಯಪುಸ್ತಕದ ‘ಕೊಡುತ್ತೀರಾ’, ‘ಇದೆಯೇ’, ‘ಕಡಿಮೆ ಮಾಡಿಕೊಳ್ಳಿರಿ’ ಇಲ್ಲಿ ಬೇಡ. ಗ್ರಾಂಥಿಕ ಕನ್ನಡದಲ್ಲಿ ಅಂಗಡಿಗೆ ಹೋದ ಮಗುವನ್ನು ನೋಡಿ ಅಂಗಡಿಯವರು ನಗುತ್ತಾರೆ, ಮಗು ಮತ್ತೆ ಬಾಯಿ ಬಿಡುವುದಿಲ್ಲ. ಯಾವ ಸೀಮೆಯ ಆಡುಮಾತು ಎಂಬುದಕ್ಕೆ ಉತ್ತರ ಸುಲಭ: ಮಗು ನಾಳೆ ಯಾರ ಜೊತೆ ಮಾತಾಡಬೇಕೋ ಅವರದು. ಧಾರವಾಡದಲ್ಲಿ ಕಲಿಸುವವರು ‘ಹೆಂಗ ಕೊಡ್ತೀರಿ?’ ಎಂದೇ ಕಲಿಸಲಿ. ಒಂದೇ ತರಗತಿಯಲ್ಲಿ ಎರಡು ಸೀಮೆಯದನ್ನು ಬೆರೆಸದಿದ್ದರಾಯಿತು. ಇನ್ನೊಂದು, ವಾಕ್ಯಕ್ಕೊಂದು ‘ದಯವಿಟ್ಟು’ ಸೇರಿಸುವ ಚಟ ಬಿಡಿ. ‘ಕೊಡಿ’ ಎನ್ನುವುದರಲ್ಲೇ ಮರ್ಯಾದೆ ಇದೆ, ಹೆಚ್ಚು ಬೇಕಿದ್ದರೆ ‘ಸ್ವಲ್ಪ’ ಇದೆ.

ಮುಂದಿನ 4 ನಿಮಿಷ ಪ್ರಾತ್ಯಕ್ಷಿಕೆ. ತುಸು ಧೈರ್ಯದ ಮಗುವೊಂದನ್ನು ಕರೆದು ನೀವೇ ಅಂಗಡಿಯವರಾಗಿ. ಇದನ್ನು ಬಿಟ್ಟರೆ ಕಾರ್ಡನ್ನು ಏನು ಮಾಡಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ, ಅರ್ಧ ಮಕ್ಕಳು ಕಾರ್ಡನ್ನೇ ಗಟ್ಟಿಯಾಗಿ ಓದಿಬಿಡುತ್ತಾರೆ. ಕಾರ್ಡು ಎದೆಗೆ ಒತ್ತಿಕೊಳ್ಳಬೇಕು, ಎದುರಿನವರಿಗೆ ಕಾಣಬಾರದು ಎಂಬ ನಿಯಮವನ್ನು ಆಗಲೇ ತೋರಿಸಿ. ಪ್ರಾತ್ಯಕ್ಷಿಕೆಯಲ್ಲಿ ಒಮ್ಮೆ ಬೇಕೆಂದೇ ತೊಡಕಿಗೆ ಸಿಕ್ಕಿಹಾಕಿಕೊಳ್ಳಿ: ‘ಏನಂದ್ರಿ? ಇನ್ನೊಂದ್ಸಲ ಹೇಳಿ.’ ಹೀಗೆ ಕೇಳುವುದು ನಾಚಿಕೆಯ ವಿಷಯವಲ್ಲ ಎಂದು ಮಕ್ಕಳಿಗೆ ಮನವರಿಕೆಯಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಂತರ 8 ನಿಮಿಷ ಮೊದಲ ಸುತ್ತು, ಆರು ಜೋಡಿಗಳೂ ಒಟ್ಟಿಗೆ. ಗದ್ದಲವಾಗುತ್ತದೆ, ಆಗಲಿ. ಒಂದೊಂದು ಜೋಡಿಯನ್ನೇ ಮುಂದೆ ಕರೆದು ಆಡಿಸಿದರೆ ಉಳಿದ ಹತ್ತು ಮಕ್ಕಳು ಬಾಯಿ ಮುಚ್ಚಿ ಕೂತಿರುತ್ತಾರೆ. ಬಹಳ ತರಗತಿಗಳು ಸೋಲುವುದು ಇಲ್ಲೇ. ಆರೂ ಜೋಡಿಯನ್ನು ಒಬ್ಬರೇ ಕೇಳಿಸಿಕೊಳ್ಳಲಾಗದು ನಿಜ. ಒಂದು ಸುತ್ತಿನಲ್ಲಿ ಎರಡು ಜೋಡಿಯ ಪಕ್ಕ ಮಾತ್ರ ಕೂರಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಯಾರನ್ನು ಯಾವತ್ತು ಕೇಳಿದಿರಿ ಎಂದು ಗುರುತು ಹಾಕದಿದ್ದರೆ, ಗೊತ್ತಿಲ್ಲದೆಯೇ ಪ್ರತಿಸಲ ಚೆನ್ನಾಗಿ ಮಾತಾಡುವವರ ಪಕ್ಕವೇ ಹೋಗಿ ಕೂರುತ್ತೀರಿ.

ಆಮೇಲೆ 6 ನಿಮಿಷ ತಿದ್ದುಪಡಿ. ಅದರ ವಿವರ ಕೆಳಗಿದೆ.

ಮುಂದಿನ 10 ನಿಮಿಷ ಎರಡನೇ ಸುತ್ತು: ಹೊಸ ಜೊತೆಗಾರ, ಅದಲುಬದಲಾದ ಪಾತ್ರ, ಒಂದು ಹೊಸ ತೊಡಕು. ‘ಅಂಗಡಿಯಲ್ಲಿ ಚಿಲ್ಲರೆ ಇಲ್ಲ’ ಅಥವಾ ‘ಚೀಲದಲ್ಲಿ ಒಂದು ಕೊಳೆತ ಟೊಮ್ಯಾಟೊ ಬಂದಿದೆ’ ಸಾಕು. ಬೆಲೆಗಳನ್ನೂ ಬದಲಿಸಿ, ಇಲ್ಲದಿದ್ದರೆ ಮೊದಲ ಸುತ್ತಿನ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಕಲಿಕೆ ಆಗುವುದು ಹೆಚ್ಚಾಗಿ ಈ ಸುತ್ತಿನಲ್ಲಿ, ಯಾಕೆಂದರೆ ಏನು ಹೇಳಬೇಕೆಂಬ ಚಿಂತೆ ಕಳೆದು, ಹೇಗೆ ಹೇಳಬೇಕೆಂಬುದಕ್ಕೆ ತಲೆಯಲ್ಲಿ ಜಾಗ ಆಗಿರುತ್ತದೆ. ಸಮಯ ಸಾಲದೆ ಬಂದರೆ ಬೇರೆ ಏನನ್ನಾದರೂ ಮೊಟಕು ಮಾಡಿ, ಈ ಸುತ್ತನ್ನು ಮೊಟಕು ಮಾಡಬೇಡಿ.

ಉಳಿದ 4 ನಿಮಿಷದಲ್ಲಿ ಯಾರು ಎಷ್ಟು ದುಡ್ಡು ಉಳಿಸಿದರು ಎಂದು ಕೇಳಿ. ‘ನನಗೆ ಹದಿನೈದು ರೂಪಾಯಿ ಉಳೀತು’ ಎಂಬ ವಾಕ್ಯ ತಾನಾಗಿ ಬರುತ್ತದೆ.

ತಪ್ಪು ತಿದ್ದುವುದು

ಆಟದ ನಡುವೆ ತಡೆದು ತಿದ್ದಬೇಡಿ. ಮಗು ಅರ್ಥ ತಲುಪಿಸುವ ಪ್ರಯತ್ನದಲ್ಲಿದ್ದಾಗ ರೂಪ ತಿದ್ದಿದರೆ ಎರಡೂ ಕೈತಪ್ಪುತ್ತವೆ. ತೀರಾ ಅಗತ್ಯವಿದ್ದರೆ ಪಾತ್ರದೊಳಗಿದ್ದುಕೊಂಡೇ ತಿದ್ದಿ. ಮಗು ‘ನಾನು ಟೊಮ್ಯಾಟೊ ಬೇಕು’ ಎಂದಿತು ಎನ್ನಿ. ಅಂಗಡಿಯವರಾಗಿ ನೀವು ‘ನಿಮಗೆ ಟೊಮ್ಯಾಟೊ ಬೇಕಾ? ಎಷ್ಟು ಬೇಕು ನಿಮಗೆ?’ ಎಂದು ಕೇಳಿ. ‘ನಿಮಗೆ’ ಎರಡು ಸಲ ಕಿವಿಗೆ ಬಿದ್ದರೆ ಬಹಳಷ್ಟು ಮಕ್ಕಳು ‘ನನಗೆ’ ಎಂದು ತಾವೇ ಹೊರಳುತ್ತಾರೆ. ಹೊರಳದಿದ್ದರೆ ಬಿಡಿ, ಬರೆದುಕೊಳ್ಳಿ.

ಎರಡು ಸುತ್ತಿನ ನಡುವಿನ ಆರು ನಿಮಿಷಕ್ಕೆ ಮೂರು ತಪ್ಪು ಮಾತ್ರ ಆರಿಸಿ. ಯಾರ ತಪ್ಪೆಂದು ಹೇಳಬೇಡಿ. ಸರಿಯಾದ ರೂಪವನ್ನು ಹಲಗೆಯ ಮೇಲೆ ಬರೆದು ಇಡೀ ತರಗತಿಯಿಂದ ಎರಡು ಸಲ ಹೇಳಿಸಿ. ಮೂರನ್ನು ಆರಿಸುವಾಗ ಮಗುವಿನ ಮನೆಭಾಷೆ ಯಾವುದೆಂದು ತಿಳಿದಿದ್ದರೆ ಅರ್ಧ ಕೆಲಸ ಹಗುರ.

‘ನಾನು ಬೇಕು’, ‘ನಾನು ಗೊತ್ತಿಲ್ಲ’ ಹೆಚ್ಚಾಗಿ ಬರುವುದು ಇಂಗ್ಲಿಷಿನಲ್ಲೇ ಬೆಳೆದ ಮಕ್ಕಳಿಂದ. ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲದರಲ್ಲೂ ‘ನನಗೆ ಬೇಕು’ ಎಂಬ ರಚನೆಯೇ ಇದೆ, ಆ ಮಕ್ಕಳಿಗೆ ಒಂದು ಸಲ ನೆನಪಿಸಿದರೆ ಸಾಕು. ತೆಲುಗಿನ ಮಕ್ಕಳು ‘ಅಮ್ಮ ಬಂತು’ ಎನ್ನುತ್ತಾರೆ: ಅಲ್ಲಿ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ಹಿಂದಿಯಲ್ಲಿ ವಸ್ತುಗಳಿಗೂ ಗಂಡು-ಹೆಣ್ಣಿನ ಭೇದವಿರುವುದರಿಂದ ಆ ಮಕ್ಕಳ ಬಾಯಲ್ಲಿ ‘ಬಸ್ ಬಂದಳು’ ಬರುತ್ತದೆ. ಮಲಯಾಳದ ಕ್ರಿಯಾಪದ ನಾನು, ನೀನು, ಅವನು ಎಂದು ಬದಲಾಗುವುದೇ ಇಲ್ಲ, ಹಾಗಾಗಿ ಆ ಮಕ್ಕಳು ಒಂದೇ ರೂಪವನ್ನು ಎಲ್ಲರಿಗೂ ಹಚ್ಚುತ್ತಾರೆ. ಇಲ್ಲ, ಅಲ್ಲ, ಬೇಡ ಈ ಮೂರರ ಗೊಂದಲ ಹಿಂದಿಯವರಲ್ಲಿ ಜಾಸ್ತಿ, ‘ಬೇಕು ಇಲ್ಲ’ ಎಂಬುದು ಅದರ ಗುರುತು. ತಮಿಳಿನವರಿಗೆ ಬೇಡ ಸಲೀಸು, ಇಲ್ಲ ಮತ್ತು ಅಲ್ಲ ಬೆರೆಯುತ್ತವೆ. ಈ ಮೂರನ್ನೂ ಒಂದೇ ಸನ್ನಿವೇಶದಲ್ಲಿ ತರಬಹುದು: ‘ಇದು ಪಾಲಕ್ಕಾ?’ ‘ಅಲ್ಲ, ದಂಟು.’ ‘ಪಾಲಕ್ ಇದ್ಯಾ?’ ‘ಇಲ್ಲ. ದಂಟು ಕೊಡ್ಲಾ?’ ‘ಬೇಡ.’

ಕೊಡು ಮತ್ತು ಕೊಡಿ ಹೇಗೆ ಕಲಿಸುವುದು? ನಿಯಮ ಹೇಳಿ ಪ್ರಯೋಜನವಿಲ್ಲ. ಅದೇ ಸನ್ನಿವೇಶದಲ್ಲಿ ಅಂಗಡಿಯ ಹಿಂದೆ ಒಮ್ಮೆ ಓರಗೆಯ ಹುಡುಗನನ್ನು ಕೂರಿಸಿ, ಒಮ್ಮೆ ತಲೆಗೆ ಶಾಲು ಹೊದ್ದ ಅಜ್ಜಿಯನ್ನು. ‘ಏನಂದೆ? ನಾನೇನು ನಿನ್ನ ಓರಗೆಯವಳಾ?’ ಎಂದು ಅಜ್ಜಿ ಮುನಿಸಿಕೊಳ್ಳಲಿ. ಮಕ್ಕಳಿಗೆ ಈ ಅಜ್ಜಿಯ ಪಾತ್ರಕ್ಕೆ ಜಗಳವೇ ನಡೆಯುತ್ತದೆ.

ಎಲ್ಲಿ ಎಡವುತ್ತದೆ

ಬಾಯಿ ಬಿಡದ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಒತ್ತಾಯ ಮಾಡಿದರೆ ವಾರಗಟ್ಟಲೆ ಹಿಂದೆ ಹೋಗುತ್ತದೆ. ಮೊದಲು ಮಾತಿಲ್ಲದ ಕೆಲಸ ಕೊಡಿ: ತರಕಾರಿ ಚೀಲಕ್ಕೆ ಹಾಕುವುದು, ದುಡ್ಡು ಎಣಿಸುವುದು. ಮುಂದಿನ ಪಾಠದಲ್ಲಿ ಎರಡು ಪದದ ಪಾತ್ರ. ಆಮೇಲೆ ಇಬ್ಬರು ಸೇರಿ ಒಬ್ಬ ಗಿರಾಕಿಯಾಗುವುದು, ಅಕ್ಕ-ತಂಗಿ ಜೊತೆಯಾಗಿ ಅಂಗಡಿಗೆ ಬಂದಂತೆ. ಕೈಗೊಂಬೆಯೂ ಕೆಲಸ ಮಾಡುತ್ತದೆ, ತಪ್ಪು ಮಾತಾಡಿದ್ದು ಗೊಂಬೆಯಾದ್ದರಿಂದ ಮಗುವಿಗೆ ಅವಮಾನವಿಲ್ಲ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಗೊಂಬೆ ಸಿದ್ಧ.

ಇನ್ನೊಂದು ತುದಿಯಲ್ಲಿ, ಎದುರಿನವರಿಗೆ ಅವಕಾಶವನ್ನೇ ಕೊಡದ ಮಗು. ಇದಕ್ಕೆ ಹುಣಸೆ ಬೀಜ. ಇಬ್ಬರಿಗೂ ಎಂಟೆಂಟು ಬೀಜ ಕೊಡಿ, ಒಂದು ಸಲ ಮಾತಾಡಿದರೆ ಒಂದು ಬೀಜ ಬಟ್ಟಲಿಗೆ. ತನ್ನದು ಮುಗಿದವರು ಇನ್ನೊಬ್ಬರದು ಮುಗಿಯುವವರೆಗೆ ಸುಮ್ಮನಿರಬೇಕು. ಬೀಜ ಉಳಿಸಿಕೊಂಡವರು ಸೋತಂತೆ. ಮಾತಾಡದ ಮಗುವನ್ನೂ ಇದೇ ಬೀಜ ಮಾತಿಗೆಳೆಯುತ್ತದೆ. ಐದು ವರ್ಷದೊಳಗಿನ ತಮ್ಮ-ತಂಗಿಯರು ತರಗತಿಯಲ್ಲಿದ್ದರೆ ಬೀಜ ಬೇಡ, ಬಾಯಿಗೆ ಹೋಗುತ್ತದೆ. ದೊಡ್ಡ ರಟ್ಟಿನ ಬಿಲ್ಲೆ ಬಳಸಿ.

ಮಕ್ಕಳು ಹಿಂದಿಗೋ ಇಂಗ್ಲಿಷಿಗೋ ಜಾರುವುದು ಸಾಮಾನ್ಯ. ಇಬ್ಬರ ಮನೆಭಾಷೆಯೂ ಒಂದೇ ಇರುವ ಜೋಡಿಯಲ್ಲಿ ಇನ್ನೂ ಬೇಗ, ಆದ್ದರಿಂದ ಜೋಡಿ ಮಾಡುವಾಗಲೇ ಬೇರೆ ಬೇರೆ ಮನೆಭಾಷೆಯವರನ್ನು ಕೂಡಿಸಿ. ದಂಡ ಹಾಕುವ ಪದ್ಧತಿ ಬೇಡ, ಅದರಿಂದ ಮೌನ ಹೆಚ್ಚುತ್ತದೆಯೇ ಹೊರತು ಕನ್ನಡವಲ್ಲ. ಮಗು ಜಾರುವುದು ಪದ ಸಿಗದಾಗ. ‘ಇದಕ್ಕೆ ಕನ್ನಡದಲ್ಲಿ ಏನಂತಾರೆ?’, ‘ಅರ್ಥ ಆಗ್ಲಿಲ್ಲ’, ‘ನಿಧಾನವಾಗಿ ಹೇಳಿ’ ಎಂಬ ಮೂರನ್ನು ಗೋಡೆಗೆ ಅಂಟಿಸಿ, ಮೊದಲ ವಾರವೇ ಬಾಯಿಗೆ ಬರಿಸಿ. ಹಾಗೆಯೇ ಬಸ್, ಟಿಕೆಟ್, ಬೀನ್ಸ್, ಫೋನ್ ಎಂದಿದ್ದಕ್ಕೆಲ್ಲ ತಡೆಯಬೇಡಿ, ಕನ್ನಡದವರೂ ಹಾಗೇ ಅನ್ನುತ್ತಾರೆ.

ಎರಡೇ ನಿಮಿಷದಲ್ಲಿ ಆಟ ಮುಗಿದುಹೋಯಿತು ಎಂದರೆ ಮಕ್ಕಳ ತಪ್ಪಲ್ಲ, ಕಾರ್ಡಿನಲ್ಲಿ ತೊಡಕು ಇಲ್ಲ. ಹತ್ತು ನಿಮಿಷವಾದರೂ ಮುಗಿಯಲಿಲ್ಲ ಎಂದರೆ ತೊಡಕು ಹೆಚ್ಚಾಯಿತು. ಒಂದು ಕಾರ್ಡಿಗೆ ಒಂದೇ ಗುಟ್ಟು.

ಮುಂದಿನ ಸನ್ನಿವೇಶಗಳು

ಬಸ್ಸು ಎರಡನೇ ವಾರಕ್ಕೆ ಸರಿ. ಎಂಟು ಕುರ್ಚಿ ಎರಡು ಸಾಲಾಗಿ, ನಡುವೆ ಕಂಡಕ್ಟರ್, ಮುಂದೆ ಡ್ರೈವರ್. ಪ್ರಯಾಣಿಕರ ಕಾರ್ಡಿನಲ್ಲಿ ಇಳಿಯುವ ಜಾಗ ಮತ್ತು ಕೈಯಲ್ಲಿರುವ ನೋಟು, ಕಂಡಕ್ಟರ್ ಕಾರ್ಡಿನಲ್ಲಿ ದರಪಟ್ಟಿ. ಒಬ್ಬ ಪ್ರಯಾಣಿಕನ ಗುಟ್ಟು: ತಪ್ಪು ಬಸ್ ಹತ್ತಿದ್ದಾನೆ. ಹುಡುಗಿಯರು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಲಿ. 2023ರ ಜೂನ್‌ನಲ್ಲಿ ಶುರುವಾದ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಆ ಮಾತು ಬಸ್ಸುಗಳಲ್ಲಿ ದಿನವೂ ಕೇಳುವಂಥದ್ದು. ‘ಮುಂದೆ ಹೋಗಿ’, ‘ಚಿಲ್ಲರೆ ಕೊಡಿ’, ‘ಜಯನಗರ ಬಂದ್ರೆ ಹೇಳ್ತೀರಾ?’, ‘ರೈಟ್ ರೈಟ್’ ಇಷ್ಟು ಇದ್ದರೆ ಬಸ್ ಹೊರಡುತ್ತದೆ. ಬಾಯಿ ಬಿಡದ ಮಗುವಿಗೆ ‘ರೈಟ್ ರೈಟ್’ ಹೇಳಿ ಸೀಟಿ ಊದುವ ಕೆಲಸ ಹೇಳಿ ಮಾಡಿಸಿದಂಥದ್ದು.

ಡಾಕ್ಟರ ಹತ್ತಿರ ಹೋಗುವ ಸನ್ನಿವೇಶ ‘ನನಗೆ’ ರೂಪವನ್ನು ಗಟ್ಟಿಮಾಡುತ್ತದೆ: ನನಗೆ ಜ್ವರ, ನನಗೆ ಹೊಟ್ಟೆ ನೋವು, ಎರಡು ದಿನದಿಂದ. ರೋಗಿಯ ಕಾರ್ಡಿನಲ್ಲಿ ನಿನ್ನೆ ತಿಂದದ್ದನ್ನೂ ಬರೆಯಿರಿ. ಡಾಕ್ಟರು ‘ನಿನ್ನೆ ಏನ್ ತಿಂದೆ?’ ಎಂದು ಕೆದಕುತ್ತಾ ಹೋಗಿ ಕಾರಣ ಕಂಡುಹಿಡಿಯಬೇಕು. ಭೂತಕಾಲ ತಾನಾಗಿ ಬರುತ್ತದೆ.

ಹೊರದೇಶದ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಫೋನ್. ಅವರ ಪಾಲಿಗೆ ತರಕಾರಿ ಅಂಗಡಿಯೂ ಕಂಡಕ್ಟರೂ ಕಲ್ಪನೆಯ ಮಾತು, ಊರಿನ ಅಜ್ಜಿ-ತಾತ ನಿಜ. ಇಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಮುಖ ಕಾಣದಾಗ ಕೈಸನ್ನೆ, ತಲೆಯಾಡಿಸುವುದು ಯಾವುದೂ ನಡೆಯುವುದಿಲ್ಲ, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಅಜ್ಜಿಯ ಕಾರ್ಡಿನಲ್ಲಿ ಐದು ಪ್ರಶ್ನೆ: ‘ಊಟ ಆಯ್ತಾ?’, ‘ಏನ್ ಅಡಿಗೆ?’, ‘ಅಲ್ಲಿ ಈಗ ಎಷ್ಟು ಗಂಟೆ?’, ‘ಸ್ಕೂಲಲ್ಲಿ ಏನ್ ಮಾಡ್ದೆ?’, ‘ಯಾವಾಗ ಬರ್ತೀರಾ?’ ಇದಿಷ್ಟೇ ಆದರೆ ವಿಚಾರಣೆಯಂತಾಗುತ್ತದೆ. ಮಗುವಿನ ಕಾರ್ಡಿನಲ್ಲೂ ಕೆಲಸವಿರಲಿ: ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳಬೇಕು, ತಾತ ಎಲ್ಲಿದ್ದಾರೆಂದು ತಿಳಿಯಬೇಕು, ಒಂದು ತಿಂಡಿಯ ಹೆಸರು ಹೇಳಿ ಮಾಡಿಡಲು ಕೇಳಬೇಕು. ಆನ್‌ಲೈನ್ ತರಗತಿಯಾದರೆ ಇನ್ನೂ ಸುಲಭ, ಇಬ್ಬರ ಕ್ಯಾಮೆರಾ ಆರಿಸಿ ಜೋಡಿಗೊಂದರಂತೆ ಆನ್‌ಲೈನ್ ಕೋಣೆಗೆ ಕಳಿಸಿದರಾಯಿತು. ಕಾರ್ಡುಗಳನ್ನು ಮಾತ್ರ ಹಿಂದಿನ ದಿನವೇ ಆಯಾ ಮಗುವಿನ ಅಪ್ಪ-ಅಮ್ಮನಿಗೆ ಬೇರೆ ಬೇರೆಯಾಗಿ ಕಳಿಸಿ.

ನಲವತ್ತು ಮಕ್ಕಳ ತರಗತಿಯಲ್ಲಿ ಇಪ್ಪತ್ತು ಜೋಡಿ ಸಂಭಾಳಿಸುವುದು ಕಷ್ಟ. ಕೋಣೆಯ ಸುತ್ತ ಎಂಟು ಅಂಗಡಿ ಇಡಿ, ಅಂಗಡಿಗೆ ಇಬ್ಬರು. ಉಳಿದ ಇಪ್ಪತ್ನಾಲ್ಕು ಮಂದಿ ಮೂವರ ಗುಂಪಾಗಿ ಸುತ್ತಲಿ. ಒಂದೊಂದು ಅಂಗಡಿಯಲ್ಲಿ ಬೆಲೆ ಬೇರೆ, ಎಲ್ಲಿ ಅಗ್ಗ ಎಂದು ಕಂಡುಹಿಡಿಯುವುದೇ ಕೆಲಸ. ಎರಡು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿ ಮುಂದಿನ ಅಂಗಡಿಗೆ ದಾಟಿಸಿ.

5-6 ವರ್ಷದವರಿಗೆ ಕಾರ್ಡು ಬೇಡ, ಗೊಂಬೆ ಮತ್ತು ನೀವು ಸಾಕು, ಹತ್ತು ನಿಮಿಷ ಮೀರಬೇಡಿ. 12 ದಾಟಿದವರು ಅಂಗಡಿ ಆಟಕ್ಕೆ ಮುಖ ಸಿಂಡರಿಸುತ್ತಾರೆ. ಅವರಿಗೆ ಜಗಳ ಕೊಡಿ: ಮೇಲ್ಮನೆಯವರು ರಾತ್ರಿ ಹತ್ತರ ಮೇಲೆ ಹಾಡು ಹಾಕುತ್ತಾರೆ, ಕೆಳಮನೆಯವರಿಗೆ ನಾಳೆ ಪರೀಕ್ಷೆ.

ಪ್ರಗತಿ ಅಳೆಯಲು ಅಂಕಪಟ್ಟಿ ಬೇಡ. ಪೋಷಕರ ಒಪ್ಪಿಗೆ ಪಡೆದು ಮೊದಲ ವಾರ ಒಂದು ನಿಮಿಷ, ಎಂಟನೇ ವಾರ ಒಂದು ನಿಮಿಷ ಅದೇ ಸನ್ನಿವೇಶವನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಮಗು ಎಷ್ಟು ಸಲ ಬಾಯಿ ತೆರೆಯಿತು, ಯಾರೂ ಹೇಳದೆಯೇ ತಾನಾಗಿ ಎಷ್ಟು ಪ್ರಶ್ನೆ ಕೇಳಿತು, ಅರ್ಥವಾಗದಾಗ ಸುಮ್ಮನಾಯಿತೋ ‘ಇನ್ನೊಂದ್ಸಲ ಹೇಳಿ’ ಎಂದಿತೋ, ಈ ಮೂರನ್ನು ಮಾತ್ರ ಎಣಿಸಿ. ಳಕಾರ ಲಕಾರವಾಗಿದ್ದರೆ ಸದ್ಯಕ್ಕೆ ಬರೆದುಕೊಳ್ಳುವುದೂ ಬೇಡ. ಎಂಟು ವಾರವಾದರೂ ಎರಡನೆಯ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ, ಆ ಮಗುವಿಗೆ ಇದುವರೆಗೆ ಸಿಕ್ಕಿದ್ದು ಬರೀ ಉತ್ತರ ಹೇಳುವ ಪಾತ್ರಗಳೇ ಎಂದು ಅರ್ಥ. ಮುಂದಿನ ವಾರ ಅದನ್ನು ಡಾಕ್ಟರ್ ಕುರ್ಚಿಯಲ್ಲಿ ಕೂರಿಸಿ.